ಕೀಳರಿಮೆ ನಮ್ಮ ಹುಡುಗರದ್ದಲ್ಲ, ಅದು ಕ್ಯಾಂಪಸ್ಸಿನ ಸಿಲೆಬಸ್ಸು

ಅಡ್ಮಿಷನ್ ಮುಗೀತಾ ಬಂತು. ಇನ್ನು ಬೆಂಗಳೂರಿನ ಯೂನಿವರ್ಸಿಟಿಗಳಲ್ಲಿ 'ವ್ಯಕ್ತಿತ್ವ ವಿಕಸನ ಶಿಬಿರ'ಗಳ ಹಂಗಾಮು. ಸೂಟು ಹಾಕಿದ ಒಬ್ಬರು ಬರ್ತಾರೆ, ಪ್ರೊಜೆಕ್ಟರ್ ಹಚ್ತಾರೆ, "ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳೇ, ಕೀಳರಿಮೆ ಬಿಡಿ, ತಲೆ ಎತ್ತಿ ನಡೆಯಿರಿ" ಅಂತಾರೆ. ಹಿಂದಿನ ಬೆಂಚಿನಲ್ಲಿ ಕೂತ ನಮ್ಮ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಚಹಾ, ಬಿಸ್ಕತ್ತು, ಗ್ರೂಪ್ ಫೋಟೋ. ಮುಗೀತು.

ಈ ಶಿಬಿರಗಳ ಮೇಲೆ ನನಗೆ ಸಿಟ್ಟಿದೆ. ಯಾಕಂದ್ರೆ ಇವು ಕಾಯಿಲೆ ಒಂದು ಕಡೆ ಇದ್ದರೆ ಇಂಜೆಕ್ಷನ್ ಇನ್ನೊಂದು ಕಡೆ ಚುಚ್ಚುತ್ತವೆ. ಸಣ್ಣ ಊರಿಂದ ಬಂದ ಹುಡುಗ ಮಾತಾಡಲ್ಲ, ಬೆರೆಯಲ್ಲ, ಹಿಂದೆ ಕೂರ್ತಾನೆ, ಎರಡನೇ ಸೆಮಿಸ್ಟರ್‌ಗೆ ಕಾಣೆಯಾಗ್ತಾನೆ. ಯಾಕೆ ಅಂತ ಕೇಳಿದರೆ ಒಂದೇ ಪದ: ಕೀಳರಿಮೆ. ಅಂದ್ರೆ ತಪ್ಪು ಅವನ ತಲೆಯೊಳಗೇ ಇದೆ, ಅವನು ಅದನ್ನ ಊರಿಂದ ಗಂಟು ಕಟ್ಟಿಕೊಂಡು ಬಂದಿದ್ದಾನೆ, ಯೂನಿವರ್ಸಿಟಿಯವರು ಪಾಪ ಬಿಡಿಸೋಕೆ ಒದ್ದಾಡ್ತಿದ್ದಾರೆ!

ಸ್ವಾಮಿ, ಆ ಹುಡುಗ ಊರಲ್ಲಿ ಹೇಗಿದ್ದ ಅಂತ ಯಾರಾದ್ರೂ ನೋಡಿದ್ದೀರಾ?

ಸಿಂಧನೂರೋ, ಲಿಂಗಸುಗೂರೋ, ದೇವದುರ್ಗವೋ, ಪಾವಗಡವೋ, ಕೊಳ್ಳೇಗಾಲವೋ ಯಾವುದೇ ಇರಲಿ. ಅಲ್ಲಿನ ಸರ್ಕಾರಿ ಡಿಗ್ರಿ ಕಾಲೇಜಿಗೆ ಅವನೇ ಮೊದಲಿಗ. ಅರ್ಧಕ್ಕರ್ಧ ಗೆಸ್ಟ್ ಲೆಕ್ಚರರ್‌ಗಳು, ಅವರಿಗೆ ಸಂಬಳ ಬಂದರೆ ಬಂತು ಇಲ್ಲಾಂದ್ರೆ ಇಲ್ಲ. ಲೈಬ್ರರಿಯ ಬೀರುವಿಗೆ ಸದಾ ಬೀಗ. ಅಂಥಾ ಕಡೆ ನೋಟ್ಸ್ ಜೆರಾಕ್ಸ್ ಮಾಡಿಸಿ, ಕೂಲಿಗೆ ಹೋಗಿ, ರಾತ್ರಿ ಓದಿ ಪಾಸಾದವನು. ಏಪ್ರಿಲ್ 14ಕ್ಕೆ ಊರಿನ ಸರ್ಕಲ್‌ನಲ್ಲಿ ಮೈಕ್ ಹಿಡಿದರೆ ತಹಶೀಲ್ದಾರರೂ ಕೂತು ಕೇಳ್ತಿದ್ದರು. ಕೇರಿಯ ಅರ್ಜಿ ಎಲ್ಲ ಇವನೇ ಬರೀತಿದ್ದ. ಪಿಡಿಒ ಹತ್ತಿರ ಜಗಳ ಮಾಡಿ ನಳ ಹಾಕಿಸಿದ್ದ. ಈ ಹುಡುಗನಿಗೆ ಕೀಳರಿಮೆ ಇತ್ತಾ?

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗಲೂ ಇರಲಿಲ್ಲ. ಆರು ವಾರ ಆದ ಮೇಲೆ ಬಂತು. ಆ ಆರು ವಾರ ಏನಾಯ್ತು ಅನ್ನೋದೇ ಪ್ರಶ್ನೆ. ಅದನ್ನ ಯಾವ ಶಿಬಿರದ ಪ್ರೊಜೆಕ್ಟರೂ ತೋರಿಸಲ್ಲ. ನಾನು ಹೇಳ್ತೀನಿ ಕೇಳಿ.

ಮೊದಲನೇ ವಾರ: ವಿಚಾರಣೆ. ಊರಲ್ಲಿ ಜಾತಿ ಯಾರೂ ಕೇಳಲ್ಲ, ಯಾವ ಓಣಿ ಅಂದರೆ ಗೊತ್ತಾಗುತ್ತೆ. ಸಿಟಿಯಲ್ಲಿ ಓಣಿ ಕಾಣಲ್ಲ, ಅದಕ್ಕೆ ಪ್ರಶ್ನೆ ಬೇಕು. "ಫುಲ್ ನೇಮ್ ಏನು?" "ನಿಮ್ ಕಡೆ ಯಾವ ದೇವ್ರು?" "ವೆಜ್ಜಾ, ನಾನ್‌ವೆಜ್ಜಾ?" "ರ‍್ಯಾಂಕ್ ಎಷ್ಟು?" ಈ ಕೊನೆಯ ಪ್ರಶ್ನೆ ಇದೆಯಲ್ಲ, ಅದು ಓದಿನ ಬಗ್ಗೆ ಅಲ್ಲವೇ ಅಲ್ಲ. ಇಷ್ಟು ರ‍್ಯಾಂಕಿಗೆ ಸೀಟು ಸಿಕ್ಕಿದೆ ಅಂದ್ರೆ ಇವನು ಯಾರು ಅಂತ ಲೆಕ್ಕ ಹಾಕೋಕೆ. ಅಷ್ಟೆಲ್ಲ ಕಷ್ಟ ಯಾಕೆ ಅಂತ ಕೆಲವು ಡಿಪಾರ್ಟ್‌ಮೆಂಟಿನವರು ನೋಟಿಸ್ ಬೋರ್ಡಿನಲ್ಲೇ ಅಂಟಿಸಿರ್ತಾರೆ: ಹೆಸರು, ಪಕ್ಕದಲ್ಲಿ ಜಿಎಂ, 2ಎ, 3ಬಿ, ಎಸ್‌ಸಿ. ನಮ್ಮ ಕಲ್ಯಾಣ ಕರ್ನಾಟಕದವರಾದ್ರೆ ಎರಡೆರಡು ಹಣೆಪಟ್ಟಿ, 371ಜೆ ಬೇರೆ. ಜನರಲ್ ಮೆರಿಟ್‌ನಲ್ಲೇ ಸೀಟು ತಗೊಂಡ ದಲಿತ ಹುಡುಗಿಯನ್ನೂ ಕ್ಲಾಸಿನವರು 'ಕೋಟಾ' ಅಂತಲೇ ಓದ್ತಾರೆ. ಇಷ್ಟೆಲ್ಲ ಮಾಡಿ ಕ್ಯಾಂಟೀನಿನಲ್ಲಿ ಕೂತು ಹೇಳ್ತಾರೆ, "ಬೆಂಗಳೂರಲ್ಲಿ ಜಾತಿ ಎಲ್ಲಿದೆ ಗುರೂ?"

ಎರಡನೇ ವಾರ: ಭಾಷೆ. ಇಂಗ್ಲಿಷ್ ಗೊತ್ತಿಲ್ಲ ಅನ್ನೋ ದುಃಖ ಎಲ್ಲರಿಗೂ ಗೊತ್ತಿರೋದೇ, ಅದನ್ನ ಎಳೆಯಲ್ಲ. ಪಾಠ ಇಂಗ್ಲಿಷಿನಲ್ಲಿ, ರೆಫರೆನ್ಸ್ ಇಂಗ್ಲಿಷಿನಲ್ಲಿ, ಪರೀಕ್ಷೆ ಮಾತ್ರ ಬೇಕಾದ್ರೆ ಕನ್ನಡದಲ್ಲಿ ಬರಿ ಅಂತಾರೆ. ಓದೋಕೆ ಕನ್ನಡದಲ್ಲಿ ಪುಸ್ತಕ ಕೊಡದೆ ಬರೆಯೋಕೆ ಕನ್ನಡದ ಸ್ವಾತಂತ್ರ್ಯ ಕೊಡೋದು ಯಾವ ಉಪಕಾರ? ಆದರೆ ನನಗೆ ಹೆಚ್ಚು ಉರಿಯೋದು ಇಂಗ್ಲಿಷಲ್ಲ, ಕನ್ನಡ. ನಾನು ಎಂ.ಎ. ಓದಿದ ಡಿಪಾರ್ಟ್‌ಮೆಂಟಿನಲ್ಲಿ ಹಾಜರಿ ಕೂಗಿದಾಗ "ಬಂದೀನ್ರಿ ಸರ್" ಅಂದೆ. ಮೇಷ್ಟ್ರು ಕನ್ನಡಕ ಇಳಿಸಿ, "ನಿನ್ನ ಕನ್ನಡಕ್ಕೆ ಸಬ್‌ಟೈಟಲ್ ಬೇಕಲ್ಲಪ್ಪಾ" ಅಂದರು. ಇಡೀ ಕ್ಲಾಸು ನಕ್ಕಿತು. ಕರ್ನಾಟಕದ ರಾಜಧಾನಿಯಲ್ಲಿ, ಕನ್ನಡ ಮಾತಾಡಿದ್ದಕ್ಕೆ! ಅವತ್ತಿಂದ ಬಾಯಿ ತೆರೆಯೋಕೆ ಮುಂಚೆ ಪ್ರತಿ ಪದವನ್ನೂ ತೂಗಿ ನೋಡೋದು ರೂಢಿಯಾಯ್ತು. ತೂಗೋದು ಮುಗಿಯೋ ಹೊತ್ತಿಗೆ ಚರ್ಚೆ ಮುಂದಕ್ಕೆ ಹೋಗಿರ್ತಿತ್ತು. ಹೊರಗಿನಿಂದ ನೋಡಿದವರು ಅದಕ್ಕೆ 'ಹಿಂಜರಿಕೆ' ಅಂತ ಹೆಸರಿಟ್ಟರು.

ಮೂರನೇ ವಾರ: ದುಡ್ಡು. ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಇದೆಯಲ್ಲ, ಇವರಿಗೇನು ಕಡಿಮೆ ಅಂತಾರೆ. ಇದೆ, ಕಾಗದದ ಮೇಲೆ. ಎಸ್‌ಸಿ ಮಕ್ಕಳಿಗೆ ಪಾಲಕರ ವಾರ್ಷಿಕ ಆದಾಯ ಎರಡೂವರೆ ಲಕ್ಷ ದಾಟಬಾರದು ಅನ್ನೋ ಮಿತಿ. ಕೇಂದ್ರ 60, ರಾಜ್ಯ 40 ಪಾಲು. ಆದರೆ ಆ ದುಡ್ಡು ಹುಡುಗನ ಅಕೌಂಟಿಗೆ ಬರೋಕೆ ಎಸ್‌ಎಸ್‌ಪಿ ಪೋರ್ಟಲ್ಲು, ಜಾತಿ ಸರ್ಟಿಫಿಕೇಟಿನ ಆರ್‌ಡಿ ನಂಬರ್ರು, ಆಧಾರ್ ಸೀಡಿಂಗು, ಕಾಲೇಜಿನ ವೆರಿಫಿಕೇಶನ್ನು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಹೆಚ್ಚುಕಮ್ಮಿಯಾದ್ರೆ ಮತ್ತೆ ಊರಿಗೆ ಬಸ್ಸು. ಇತ್ತ ಕೌಂಟರ್‌ನಲ್ಲಿ "ಮೊದ್ಲು ಫೀಸ್ ಕಟ್ಟಿ, ಸ್ಕಾಲರ್‌ಶಿಪ್ ಬಂದ್ಮೇಲೆ ವಾಪಸ್ ತಗೊಳ್ಳಿ." ಕಟ್ಟೋಕೆ ದುಡ್ಡಿದ್ದರೆ ಸ್ಕಾಲರ್‌ಶಿಪ್ ಯಾಕ್ರೀ ಬೇಕಿತ್ತು? ಪರೀಕ್ಷೆ ಹತ್ತಿರ ಬಂದಾಗ ಹಾಲ್ ಟಿಕೆಟ್ ಹಿಡಿದಿಟ್ಟುಕೊಳ್ಳೋದು. ಅವ್ವ ಕಿವಿಯೋಲೆ ಒತ್ತೆ ಇಡೋದು. ಆ ಕೌಂಟರಿನ ಮುಂದೆ ಕಳೆದ ಮಧ್ಯಾಹ್ನಗಳು ಅಟೆಂಡೆನ್ಸ್‌ನಲ್ಲಿ 'ಗೈರು' ಅಂತ ದಾಖಲಾಗ್ತವೆ. ಸೆಮಿಸ್ಟರ್ ಕೊನೆಗೆ ಮೇಷ್ಟ್ರು ಹೇಳ್ತಾರೆ, "ನಿಮ್ಮವರಿಗೆ ಸೀಟು ಕೊಟ್ರೂ ಓದಲ್ಲ."

ನಾಲ್ಕನೇ ವಾರ: ಹಾಸ್ಟೆಲು. ಕ್ಯಾಂಪಸ್ ಒಂದು ಮೂಲೆಗೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಇನ್ನೊಂದು ಮೂಲೆಗೆ. ಎರಡು ಬಸ್ಸು ಬದಲಿಸಬೇಕು. ನಾಲ್ಕು ಜನ ಇರೋ ರೂಮಿನಲ್ಲಿ ಎಂಟು ಜನ. ಸಂಜೆ ಐದಕ್ಕೆ ಕ್ಲಾಸ್ ಮುಗಿದ ಮೇಲೆ ಶುರುವಾಗೋದೇ ನಿಜವಾದ ಯೂನಿವರ್ಸಿಟಿ: ಮೇಷ್ಟ್ರ ಚೇಂಬರಿನಲ್ಲಿ ಮಾತು, ಸಿನಿಮಾ ಕ್ಲಬ್ಬು, ರೀಡಿಂಗ್ ಗ್ರೂಪು, ಯಾವ ಫೆಲೋಶಿಪ್ಪಿಗೆ ಯಾವಾಗ ಅರ್ಜಿ, ಯಾರ ಹತ್ತಿರ ಪಿಎಚ್.ಡಿ. ಮಾಡಬೇಕು, ಎಲ್ಲ ಗೊತ್ತಾಗೋದು ಆಗಲೇ. ನಮ್ಮ ಹುಡುಗ ಆ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತಿರ್ತಾನೆ. ಊಟದ ಹೊತ್ತಿಗೆ ಹಾಸ್ಟೆಲ್ ಮುಟ್ಟಲಿಲ್ಲ ಅಂದ್ರೆ ಊಟ ಇಲ್ಲ. "ಇವನು ಬೆರೆಯಲ್ಲ" ಅಂತ ಷರಾ.

ಹುಡುಗಿಯರ ಪಾಡು ಇದರ ಎರಡರಷ್ಟು. ಲೈಬ್ರರಿ ರಾತ್ರಿವರೆಗೆ ತೆರೆದಿರುತ್ತೆ, ಹಾಸ್ಟೆಲ್ ಗೇಟು ಅದಕ್ಕೂ ಮೊದಲೇ ಮುಚ್ಚುತ್ತೆ. ಹೊರಗೆ ಪಿಜಿ ಹುಡುಕಿದರೆ 'ವೆಜ್ ಓನ್ಲಿ' ಬೋರ್ಡು. ವೆಜ್ ಅನ್ನೋದು ಊಟದ ವಿಷಯ ಅಂತ ಯಾರಾದ್ರೂ ನಂಬಿದ್ದರೆ ಒಂದು ದಿನ ನಮ್ಮ ತಂಗಿಯರ ಜೊತೆ ಮನೆ ಹುಡುಕೋಕೆ ಬನ್ನಿ. ಓನರ್ ಆಂಟಿ ಮೊದಲು ಊರು ಕೇಳ್ತಾರೆ, ಆಮೇಲೆ ಅಪ್ಪ ಏನು ಮಾಡ್ತಾರೆ ಅಂತ, ಆಮೇಲೆ "ನೀವು ಯಾವ ಜನ?" ಅಂತ. ಇಷ್ಟನ್ನೂ ದಾಟಿ ಬಂದವಳಿಗೆ ಕ್ಲಾಸಿನಲ್ಲಿ ಡ್ರೆಸ್ಸಿನ ಬಗ್ಗೆ, ತಲೆಗೆ ಹಚ್ಚಿದ ಎಣ್ಣೆಯ ಬಗ್ಗೆ ಮುಸಿಮುಸಿ ನಗು. ಊರಿಂದ ಅಪ್ಪನ ಫೋನು: "ಸಾಕವ್ವಾ, ಬಂದುಬಿಡು." ಅವಳು ಓದು ಬಿಟ್ಟರೆ ಮದುವೆ ಮಾಡ್ತಾರೆ. ಕ್ಯಾಂಪಸ್ಸಿನ ದಾಖಲೆಯಲ್ಲಿ ಅದು 'ವೈಯಕ್ತಿಕ ಕಾರಣ'.

ಐದನೇ ವಾರ, ಆರನೇ ವಾರ: ಮೊದಲ ಇಂಟರ್ನಲ್ಸು. ಇಲ್ಲಿ ಎಲ್ಲರೂ ಗಮನವಿಟ್ಟು ಓದಿ, ಯಾಕಂದ್ರೆ ಕೈಚಳಕ ಇರೋದೇ ಇಲ್ಲಿ. ಸೆಮಿಸ್ಟರ್ ಕೊನೆಯ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ರಿಜಿಸ್ಟರ್ ನಂಬರ್ ಮಾತ್ರ ಇರುತ್ತೆ. ಇಂಟರ್ನಲ್ಸು, ಸೆಮಿನಾರು, ವೈವಾ ಇವುಗಳಲ್ಲಿ ಹೆಸರೂ ಇರುತ್ತೆ, ಮುಖವೂ ಇರುತ್ತೆ. ನಿಮ್ಮ ಹಳೇ ಮಾರ್ಕ್ಸ್ ಕಾರ್ಡ್ ತೆಗೀರಿ. ಮುಖ ಕಾಣದ ಪೇಪರಿನಲ್ಲಿ ಎಷ್ಟು ಬಂತು, ಮುಖ ಕಂಡ ಕಡೆ ಎಷ್ಟು ಬಂತು ನೋಡಿ. ಯೂನಿವರ್ಸಿಟಿಯವರಿಗೆ ನನ್ನ ಸವಾಲು ಇಷ್ಟೇ: ಕಳೆದ ಹತ್ತು ವರ್ಷದ ಇಂಟರ್ನಲ್ ಮತ್ತು ವೈವಾ ಅಂಕಗಳನ್ನ, ಹೆಸರು ತೆಗೆದು, ಕೆಟಗರಿವಾರು ಪ್ರಕಟಿಸಿ. ಕಂಪ್ಯೂಟರಿನಲ್ಲಿ ಅರ್ಧ ದಿನದ ಕೆಲಸ. ನಾನು ಹೇಳ್ತಿರೋದು ಸುಳ್ಳಾದ್ರೆ ಆ ಲೆಕ್ಕವೇ ನನ್ನ ಬಾಯಿ ಮುಚ್ಚಿಸುತ್ತೆ. ಪ್ರಕಟಿಸೋಕೆ ಭಯ ಯಾಕೆ?

ಇದು ನನ್ನೊಬ್ಬನ ಗೋಳಲ್ಲ. ದೆಹಲಿಯ ಏಮ್ಸ್‌ನಲ್ಲಿ ನಡೆಯುತ್ತಿದ್ದ ತಾರತಮ್ಯದ ಬಗ್ಗೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಮೇಷ್ಟ್ರುಗಳಿಂದ ಸರಿಯಾದ ಬೆಂಬಲ ಸಿಗಲ್ಲ ಅಂದ ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಶೇಕಡ 69. ಹಾಸ್ಟೆಲಿನಲ್ಲಿ ಬೇರೆ ಮಾಡಿ ಕೂರಿಸೋದು, ವೈವಾದಲ್ಲಿ ಅಂಕ ಕತ್ತರಿಸೋದು, ಎಲ್ಲ ಆ ವರದಿಯಲ್ಲಿದೆ. ದೇಶದ ಅತಿ ಬುದ್ಧಿವಂತರು ಓದೋ ಜಾಗದ ಕಥೆ ಇದು. ಅಲ್ಲಿಗೆ ಸೇರಿದ ದಲಿತ ಮಕ್ಕಳಿಗೂ ಕೀಳರಿಮೆ ಶಿಬಿರ ಮಾಡ್ತೀರಾ?

2012ರಲ್ಲಿ ಯುಜಿಸಿ ಸಮಾನತೆಯ ನಿಯಮಾವಳಿ ತಂತು. ಕ್ಲಾಸಿನಲ್ಲಿ ಜಾತಿ ಹೇಳಿ ಕರೆಯೋದು, 'ರಿಸರ್ವ್ಡ್ ಕೆಟಗರಿ' ಅಂತ ಹಣೆಪಟ್ಟಿ ಹಚ್ಚೋದು ತಾರತಮ್ಯ ಅಂತ ಅದರಲ್ಲೇ ಬರೆದಿದೆ. ಪ್ರತಿ ಕಾಲೇಜಿನಲ್ಲಿ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತಲೂ ಬರೆದಿದೆ. ನಿಮ್ಮ ಕ್ಯಾಂಪಸ್ಸಿನ ಆ ಅಧಿಕಾರಿಯ ಹೆಸರು ನಿಮಗೆ ಗೊತ್ತಾ? ಅವರಿಗಾದ್ರೂ ಗೊತ್ತಾ ತಾವೇ ಆ ಅಧಿಕಾರಿ ಅಂತ?

ಆಮೇಲೆ 2016ರ ಜನವರಿ 17. ಗುಂಟೂರಿನಿಂದ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋದ ರೋಹಿತ್ ವೇಮುಲ. ಏಳು ತಿಂಗಳ ಫೆಲೋಶಿಪ್, ಒಂದು ಲಕ್ಷದ ಎಪ್ಪತ್ತೈದು ಸಾವಿರ ಬಾಕಿ. ಐದು ಜನರನ್ನ ಹಾಸ್ಟೆಲಿನಿಂದ ಹೊರಗೆ ಹಾಕಿದಾಗ ಅವರು ಬಯಲಲ್ಲಿ ಕಟ್ಟಿಕೊಂಡ ಗುಡಾರಕ್ಕೆ ಹೆಸರಿಟ್ಟಿದ್ದು 'ವೆಲಿವಾಡ', ಅಂದ್ರೆ ಹೊಲಗೇರಿ. ಕ್ಯಾಂಪಸ್ಸಿನ ಒಳಗೇ ಕೇರಿ ಇದೆ ಅಂತ ಕಣ್ಣಿಗೆ ಕಾಣೋ ಹಾಗೆ ಕಟ್ಟಿ ತೋರಿಸಿದ್ದರು. ಅವನು ಹೋದ ಮೇಲೂ ಬಿಡಲಿಲ್ಲ, ಅವನ ಜಾತಿ ಸರ್ಟಿಫಿಕೇಟ್ ಹಿಡಿದು ವರ್ಷಗಟ್ಟಲೆ ತಕರಾರು ಮಾಡಿದರು. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಡಾಕ್ಟರ್ ಪಾಯಲ್ ತಡವಿ. ಜಳಗಾಂವ್ ಕಡೆಯ ಆದಿವಾಸಿ ಹೆಣ್ಣುಮಗಳು. ಈ ಇಬ್ಬರ ತಾಯಂದಿರು, ರಾಧಿಕಾ ವೇಮುಲ ಮತ್ತು ಅಬೇದಾ ತಡವಿ, ಅದೇ ವರ್ಷ ಸುಪ್ರೀಂ ಕೋರ್ಟಿಗೆ ಹೋಗಿ, 2012ರ ಯುಜಿಸಿ ನಿಯಮ ಸರಿಯಾಗಿ ಜಾರಿ ಮಾಡಿ ಅಂತ ಕೇಳಬೇಕಾಯ್ತು. ಮಕ್ಕಳನ್ನ ಕಳಕೊಂಡ ಇಬ್ಬರು ಅಮ್ಮಂದಿರು ಕೋರ್ಟು ಹತ್ತಿ ಕೇಳಿದ್ದು ಸರ್ಕಾರ ತಾನೇ ಬರೆದ ನಿಯಮವನ್ನ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿತು. ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳಿಂದ ಐದು ವರ್ಷದಲ್ಲಿ ಓದು ಬಿಟ್ಟ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13,600ಕ್ಕೂ ಹೆಚ್ಚು. ಸರ್ಕಾರದ ವಿವರಣೆ ಏನು ಗೊತ್ತಾ? ಮಕ್ಕಳಿಗೆ ಬೇಕಾದಷ್ಟು ಆಯ್ಕೆಗಳಿವೆ, ಬೇರೆ ಕೋರ್ಸಿಗೆ ಹೋಗ್ತಾರೆ ಅಂತ. ನಮ್ಮ ಮಕ್ಕಳಿಗೆ ಆಯ್ಕೆ ಜಾಸ್ತಿಯಾಗಿ ಹೋದರಂತೆ! ಒಂದು ಐಐಟಿ ಸೀಟಿಗೆ ಮನೆ ಮಾರಿಕೊಂಡ ಅಪ್ಪನ ಮುಂದೆ ಈ ಮಾತು ಹೇಳಿ ನೋಡೋಣ.

ಕರ್ನಾಟಕಕ್ಕೂ ಇದು ಹೊಸದಲ್ಲ. 1973ರ ನವೆಂಬರ್‌ನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಬೀದಿಗೆ ಇಳಿದವರು ಯಾರು? ಕಾಲೇಜು ವಿದ್ಯಾರ್ಥಿಗಳು. ಏಟು ತಿಂದವರು? ಅದೇ ಕಾಲೇಜುಗಳಲ್ಲಿ ಓದುತ್ತಿದ್ದ ದಲಿತ ಹುಡುಗರು. ಹೇಳಿಕೆ ಕೊಟ್ಟವರು ಮಂತ್ರಿ, ಕಲ್ಲು ಬಿದ್ದಿದ್ದು ಹಾಸ್ಟೆಲ್ ಮೇಲೆ. ಆ ಏಟಿನ ನೆನಪಿನಿಂದಲೇ ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು ನಮ್ಮ ಹಿರಿಯರು. ಅವತ್ತಿನ ಹಾಸ್ಟೆಲ್ ಹುಡುಗರು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹೋಗಿರಲಿಲ್ಲ. ಸಂಘಟನೆ ಕಟ್ಟಿದರು, ವ್ಯಕ್ತಿತ್ವ ತಾನಾಗಿ ಬಂತು. ಅರವಿಂದ ಮಾಲಗತ್ತಿಯವರು 'ಗೌರ್ಮೆಂಟ್ ಬ್ರಾಹ್ಮಣ' ಅನ್ನೋ ಚುಚ್ಚುಮಾತನ್ನೇ ತಮ್ಮ ಆತ್ಮಕಥೆಗೆ ಹೆಸರಾಗಿ ಇಟ್ಟರು. ಬೈಗುಳವನ್ನ ಹಿಡಿದು ತಿರುಗಿಸಿ ಕೇಳೋದು ಅಂದ್ರೆ ಹಾಗೆ.

ಈಗ ಒಂದು ಪ್ರಶ್ನೆ ಬರುತ್ತೆ ಅಂತ ಗೊತ್ತು. "ಹಳ್ಳಿಯಿಂದ ಬಂದ ಲಿಂಗಾಯತರ ಹುಡುಗ, ಗೌಡರ ಹುಡುಗನಿಗೂ ಹಿಂಗೇ ಆಗುತ್ತಲ್ವಾ? ಎಲ್ಲದಕ್ಕೂ ಜಾತಿ ಯಾಕೆ ತರ್ತೀರಿ?" ಆಗುತ್ತೆ. ಇಂಗ್ಲಿಷಿನ ಏಟು ಅವನಿಗೂ ಬೀಳುತ್ತೆ, ಅವನ ಕನ್ನಡಕ್ಕೂ ನಗ್ತಾರೆ, ಆ ಹುಡುಗನ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಬೆಂಗಳೂರಿನಲ್ಲಿ ಅವನಿಗೊಂದು ಮನೆ ಮೊದಲೇ ಕಟ್ಟಿಟ್ಟಿದ್ದಾರೆ. ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905ರದ್ದು, ಒಕ್ಕಲಿಗರ ಸಂಘ 1906ರದ್ದು. ಹಾಸ್ಟೆಲು, ಕಾಲೇಜು, ಮಠ, ಪರಿಚಯದ ಎಂಎಲ್‌ಎ. ಸಿಟಿ ಅವನನ್ನ ಹಳ್ಳಿಗ ಅಂತ ನಗುತ್ತೆ, ಎರಡು ವರ್ಷದಲ್ಲಿ ಇಂಗ್ಲಿಷ್ ಕಲಿತು ಪ್ಯಾಂಟು ಬದಲಿಸಿದರೆ ಆ ನಗು ನಿಲ್ಲುತ್ತೆ. ನಮ್ಮವನು ಇಂಗ್ಲಿಷ್ ಕಲಿತರೂ, ಗೋಲ್ಡ್ ಮೆಡಲ್ ತಗೊಂಡರೂ, ಮೇಷ್ಟ್ರೇ ಆದರೂ 'ಕೋಟಾ' ಅನ್ನೋ ಪದ ಅವನ ಚೇಂಬರಿನ ಬಾಗಿಲವರೆಗೂ ಬರುತ್ತೆ. ಹಳ್ಳಿತನ ಕಳೆಯುತ್ತೆ, ಜಾತಿ ಕಳೆಯಲ್ಲ. ವ್ಯತ್ಯಾಸ ಅಷ್ಟೇ, ಮತ್ತು ಅದೇ ಎಲ್ಲ.

ಇನ್ನು ನಮ್ಮವರಿಗೂ ಎರಡು ಮಾತು. ಪ್ರಗತಿಪರ ಗೆಳೆಯರೇ, ನಿಮ್ಮ ಸ್ಟಡಿ ಸರ್ಕಲ್ ಯಾವ ಭಾಷೆಯಲ್ಲಿ ನಡೆಯುತ್ತೆ? ಒಂದು ಕಾಫಿಗೆ ಇನ್ನೂರು ರೂಪಾಯಿ ಇರೋ ಜಾಗದಲ್ಲಿ ಕೂತು ಜಾತಿ ವಿನಾಶದ ಚರ್ಚೆ ಮಾಡಿದರೆ ದೇವದುರ್ಗದ ಹುಡುಗಿ ಹೇಗೆ ಬರ್ತಾಳೆ? ಪ್ರತಿಭಟನೆಯ ದಿನ ಬೋರ್ಡು ಹಿಡಿಯೋಕೆ ಅವಳು ಬೇಕು, ಪ್ರೆಸ್ ಮೀಟಿನಲ್ಲಿ ಮಾತಾಡೋಕೆ ನೀವು ಬೇಕು. ಇದೂ ಕ್ಯಾಂಪಸ್ಸಿನ ಅದೇ ಸಿಲೆಬಸ್ಸು, ರಟ್ಟು ಮಾತ್ರ ಕೆಂಪು. ಮತ್ತೆ ಮೀಸಲಾತಿಯಲ್ಲಿ ಮೇಷ್ಟ್ರಾಗಿ ಕೂತಿರೋ ನಮ್ಮ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಚೇಂಬರಿಗೆ ನಮ್ಮ ಹುಡುಗ ಬಂದರೆ ಬಾಗಿಲು ಯಾಕೆ ಮುಚ್ಚುತ್ತೀರಿ? ಯಾರಾದ್ರೂ ನೋಡಿ 'ಅವರವರೇ' ಅಂದುಬಿಡ್ತಾರೆ ಅಂತ ಭಯವಾ? ಅವರು ಹೇಗಿದ್ದರೂ ಅಂತಾರೆ. ನೀವು ಬಾಗಿಲು ತೆರೆದಿಡಿ.

ನಾವು ಕೇಳಬೇಕಾದ್ದು ಇಷ್ಟು:

1. ಸ್ಕಾಲರ್‌ಶಿಪ್ ಬರೋ ಮಕ್ಕಳಿಂದ ಮುಂಗಡ ಫೀಸ್ ಕೇಳಬಾರದು, ಹಾಲ್ ಟಿಕೆಟ್ ಹಿಡಿಯಬಾರದು. ಸರ್ಕಾರದ ಬಾಕಿಯನ್ನ ಸರ್ಕಾರದ ಹತ್ತಿರವೇ ವಸೂಲಿ ಮಾಡಿ.

2. ಇಂಟರ್ನಲ್, ವೈವಾ ಅಂಕಗಳನ್ನ ಪ್ರತಿ ವರ್ಷ ಕೆಟಗರಿವಾರು ಪ್ರಕಟಿಸಿ. ವೈವಾ ರೆಕಾರ್ಡ್ ಮಾಡಿ.

3. ನೋಟಿಸ್ ಬೋರ್ಡಿನಲ್ಲಿ ಹೆಸರಿನ ಪಕ್ಕ ಕೆಟಗರಿ ಅಂಟಿಸೋದು ನಿಲ್ಲಿಸಿ.

4. ಇಂಗ್ಲಿಷ್ ಕಲಿಸೋದಾದ್ರೆ ಎಲ್ಲರಿಗೂ, ಕ್ರೆಡಿಟ್ ಸಮೇತ, ಟೈಮ್ ಟೇಬಲ್ ಒಳಗೇ ಕಲಿಸಿ. 'ವೀಕ್ ಸ್ಟೂಡೆಂಟ್ಸ್' ಅಂತ ಬೇರೆ ಸಾಲು ಮಾಡಿ ಅಲ್ಲ. ಕನ್ನಡದಲ್ಲಿ ಓದೋ ಸಾಮಗ್ರಿ ಕೊಡಿ.

5. ಶಿಬಿರ ಮಾಡಲೇಬೇಕು ಅಂದ್ರೆ ಮೇಷ್ಟ್ರುಗಳಿಗೆ, ಕೌಂಟರಿನ ಸಿಬ್ಬಂದಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಮಾಡಿ. ವಿಷಯ: ಮೇಲರಿಮೆ ಬಿಡೋದು ಹೇಗೆ.

6. ರೋಹಿತ್ ಕಾಯ್ದೆ. 2025ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿಯವರು ಕರ್ನಾಟಕದ ಮುಖ್ಯಮಂತ್ರಿಗೆ ಈ ಕಾಯ್ದೆ ತನ್ನಿ ಅಂತ ಪತ್ರ ಬರೆದರು, ಮುಖ್ಯಮಂತ್ರಿಗಳೂ ತರ್ತೀವಿ ಅಂದರು. ಪತ್ರಕ್ಕೆ ಫ್ರೇಮ್ ಹಾಕಬೇಡಿ. ಹಲ್ಲಿರೋ ಕಾಯ್ದೆ ಬೇಕು. ದೂರು ಕೊಟ್ಟ ವಿದ್ಯಾರ್ಥಿಗೆ ರಕ್ಷಣೆ, ದೂರು ಮುಚ್ಚಿಹಾಕಿದ ಕುಲಪತಿಗೆ ಶಿಕ್ಷೆ, ಸಮಿತಿಯಲ್ಲಿ ಕ್ಯಾಂಪಸ್ಸಿನ ಹೊರಗಿನವರು.

ಈ ವರ್ಷ ಹೊಸದಾಗಿ ಬಂದ ತಮ್ಮಂದಿರೇ, ತಂಗಿಯರೇ, ನಿಮಗೆ ಬೋಧನೆ ಮಾಡಲ್ಲ, ಕೆಲಸಕ್ಕೆ ಬರೋ ನಾಲ್ಕು ಮಾತು ಹೇಳ್ತೀನಿ. ಯಾವ ದೂರನ್ನೂ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಸೀಲ್ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಕೌಂಟರಿಗೆ ಒಬ್ಬರೇ ಹೋಗಬೇಡಿ, ಮೂರು ಜನ ಹೋಗಿ, ಮೂರು ಜನ ನಿಂತರೆ ಸರ್ವರ್ ಬೇಗ ಸರಿಹೋಗುತ್ತೆ. ನಿಮ್ಮ ಡಿಪಾರ್ಟ್‌ಮೆಂಟಿನ ನಮ್ಮ ಸೀನಿಯರ್‌ಗಳನ್ನ ಮೊದಲ ತಿಂಗಳಲ್ಲೇ ಹುಡುಕಿ. "ಬಂದೀನ್ರಿ" ಅನ್ನೋದನ್ನ "ಬಂದಿದ್ದೇನೆ" ಅಂತ ತಿದ್ದಿಕೊಳ್ಳಬೇಡಿ. ಮನಸ್ಸಿಗೆ ಕತ್ತಲು ಕವಿದ ದಿನ ರೂಮಿನಲ್ಲಿ ಒಬ್ಬರೇ ಕೂರಬೇಡಿ, ಯಾರಿಗಾದ್ರೂ ಹೇಳಿ, ಕೌನ್ಸೆಲರ್ ಹತ್ತಿರ ಹೋಗೋದ್ರಲ್ಲೂ ನಾಚಿಕೆ ಇಲ್ಲ, ನಮಗೆ ಅರ್ಧರಾತ್ರಿ ಫೋನ್ ಮಾಡಿದರೂ ಎತ್ತುತ್ತೀವಿ. ಫೋಟೋಗಳಿಗೆ ಹಾರ ಹಾಕಿ ಹಾಕಿ ನಮ್ಮ ಕೈ ಸೋತಿದೆ. ನಿಮ್ಮನ್ನ ಜೀವಂತ ನೋಡಬೇಕು, ಜಗಳ ಆಡ್ತಾ ನೋಡಬೇಕು.

ಯೂನಿವರ್ಸಿಟಿ ಅನ್ನೋದು ಯಾರಪ್ಪನ ಮನೆಯೂ ಅಲ್ಲ, ಅತಿಥಿಗಳ ಹಾಗೆ ಮುದುರಿ ಕೂರೋಕೆ. ಅದರ ಗೋಡೆ ಕಟ್ಟಿದ್ದು ರಾಯಚೂರು, ಯಾದಗಿರಿಯಿಂದ ಗುಳೆ ಬಂದ ನಮ್ಮ ಅಪ್ಪ ಅವ್ವಂದಿರು. ನಡೆಯೋದು ಎಲ್ಲರ ತೆರಿಗೆಯಲ್ಲಿ. ಸೀಟು ಬಂದಿದ್ದು ಬಾಬಾಸಾಹೇಬರು ಬರೆದ ಸಂವಿಧಾನದಿಂದ. ಮುಂದಿನ ಬೆಂಚಿನಲ್ಲಿ ಕೂರಿ.

ಇಂಟರ್ನಲ್ಸ್, ಸ್ಕಾಲರ್‌ಶಿಪ್, ಹಾಸ್ಟೆಲ್ ವಿಷಯದಲ್ಲಿ ಅನ್ಯಾಯ ಆಗಿರೋರು ದಾಖಲೆ ಸಮೇತ ಇನ್‌ಬಾಕ್ಸ್‌ಗೆ ಬನ್ನಿ, ನಿಮ್ಮ ಹೆಸರು ಹೊರಗೆ ಬರಲ್ಲ. ಎಲ್ಲ ಸೇರಿಸಿ ಕೊಡೋಣ, ಕೇಳೋಣ, ಕೊಡದಿದ್ದರೆ ಕೂರೋಣ. ಹೊಸ ಮಕ್ಕಳಿಗೆ ತಲುಪೋ ಹಾಗೆ ಶೇರ್ ಮಾಡಿ.

ಜೈಭೀಮ್.